ಬೃಹದೀಶ್ವರ ದೇವಾಲಯಕ್ಕೂ ನೆರಳಿದೆ

ತಂಜಾವೂರಿನ ಬೃಹದೀಶ್ವರ ದೇವಾಲಯದ ಗರ್ಭಗುಡಿಯ ಮೇಲಿನ ವಿಮಾನದ, ಅಂದರೆ ಗೋಪುರದ, ನೆರಳು ನೆಲಕ್ಕೆ ಬೀಳುವುದೇ ಇಲ್ಲ ಎಂಬ ಸಂದೇಶ, ಸೊಗಸಾದ ಫೋಟೊ ಸಮೇತ, ಮತ್ತೆ ಮತ್ತೆ ಮೊಬೈಲಿಗೆ ಬರುತ್ತದೆ. ಇದು ನಿಜವಲ್ಲ. ನೆರಳು ಬೀಳುತ್ತದೆ, ಬೆಳಿಗ್ಗೆ, ಸಂಜೆ ಉದ್ದವಾಗಿಯೇ ಬೀಳುತ್ತದೆ.

ಹಾಗೆ ನಂಬಲು ಕಾರಣವೂ ಇದೆ. 1010ರಲ್ಲಿ ರಾಜರಾಜ ಚೋಳನ ಕಾಲದಲ್ಲಿ ಪೂರ್ಣಗೊಂಡ ಈ ವಿಮಾನದ ಎತ್ತರ ಸುಮಾರು 60 ಮೀಟರ್. ಬುಡ ಅಗಲ, ಮೇಲೇರಿದಂತೆ ಕಿರಿದು. ಸೂರ್ಯ ನೆತ್ತಿಯ ಹತ್ತಿರ ಬಂದಾಗ ಶಿಖರದ ನೆರಳು ಅದರದೇ ಕೆಳಗಿನ ಅಂತಸ್ತುಗಳ ಮೇಲೆ ಬಿದ್ದು ಅಲ್ಲಿಯೇ ಮುಗಿಯುತ್ತದೆ. ಆ ಹೊತ್ತಿನ ಫೋಟೊದಲ್ಲಿ ಅಂಗಳದ ತುಂಬ ಬಿಸಿಲು. ಕಟ್ಟಿದವರ ಕೌಶಲ ನಿಜಕ್ಕೂ ಬೆರಗು ಹುಟ್ಟಿಸುವಂಥದ್ದು. ಅದಕ್ಕೆ ಈ ಕಥೆಯ ಆಸರೆ ಬೇಕಿಲ್ಲ.

ಇಂಥ ಫೋಟೊ ಬಂದಾಗ ಮೊದಲು ಅದರಲ್ಲಿರುವ ಜನರ, ಕಂಬಗಳ ನೆರಳು ನೋಡಿ. ಗಿಡ್ಡವಾಗಿದ್ದರೆ ಅದು ನಡುಹಗಲಿನ ಚಿತ್ರ. ಎಲ್ಲಿಯೂ ನೆರಳೇ ಇಲ್ಲದಿದ್ದರೆ ಮೋಡ ಕವಿದಿರಬೇಕು, ಇಲ್ಲವೇ ಎಡಿಟಿಂಗ್ ತಂತ್ರಾಂಶದಲ್ಲಿ ಕಪ್ಪು ಭಾಗಗಳನ್ನು ಬೆಳಗಿಸಿರಬೇಕು. ಮೂಲ ಕಡತದಲ್ಲಿ ಚಿತ್ರ ತೆಗೆದ ಸಮಯ ದಾಖಲಾಗಿರುತ್ತದೆ, ಫಾರ್ವರ್ಡ್ ಆದ ಪ್ರತಿಯಲ್ಲಿ ಅದು ಸಾಮಾನ್ಯವಾಗಿ ಅಳಿದುಹೋಗಿರುತ್ತದೆ. ತಂಜಾವೂರಿಗೆ ಹೋಗುವವರು ಬಿಸಿಲಿರುವ ಸಂಜೆ, ನಾಲ್ಕು ಗಂಟೆಯ ನಂತರ, ನಂದಿ ಮಂಟಪದ ಕಡೆಯ ಅಂಗಳದಲ್ಲಿ ಕ್ಯಾಮೆರಾ ಹಿಡಿದು ನಿಲ್ಲಲಿ. ಅಗಲ ಕೋನದ ಲೆನ್ಸ್ ಇದ್ದರೆ ವಿಮಾನವೂ ಅದರ ನೆರಳೂ ಒಂದೇ ಚೌಕಟ್ಟಿನಲ್ಲಿ ಸಿಗುತ್ತವೆ.