ಮೂರನೆಯವಳ ಆಟ

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕ್ರಿಕೆಟ್ ಇರುತ್ತದೆ ಅಂತ ಊರಿಗೆಲ್ಲ ಗೊತ್ತು. 2023ರ ಅಕ್ಟೋಬರಿನಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟ ಒಲಿಂಪಿಕ್ ಸಮಿತಿಯ ಮುಂಬೈ ಸಭೆಯಲ್ಲೇ ಸ್ಕ್ವಾಷ್‌ಗೂ (ಕೋಣೆಯೊಳಗೆ ರಾಕೆಟ್ ಹಿಡಿದು ಗೋಡೆಗೆ ಚೆಂಡು ಹೊಡೆದು ಆಡುವ ಆಟ) ಬಾಗಿಲು ತೆರೆಯಿತು ಅನ್ನುವುದು ಆ ಗದ್ದಲದಲ್ಲಿ ಮುಚ್ಚಿಹೋಯಿತು. ನನಗಂತೂ ಖುಷಿಯಾಗಿತ್ತು. ಆಮೇಲೆ ನೋಡಿದರೆ ಅಲ್ಲಿರುವುದು ಸಿಂಗಲ್ಸ್ ಮಾತ್ರ, ತಂಡದ ಪದಕವೇ ಇಲ್ಲ. ಇನ್ನು ದುಡ್ಡು, ಕೋಚು, ಕ್ಯಾಮೆರಾ ಎಲ್ಲ ಒಬ್ಬಿಬ್ಬರ ಬೆನ್ನು ಹತ್ತುತ್ತವೆ. 1979ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಶುರುವಾದ ಮಹಿಳಾ ವಿಶ್ವ ತಂಡ ಚಾಂಪಿಯನ್‌ಷಿಪ್ ಮೂಲೆಗುಂಪಾಗುತ್ತದೇನೋ ಅಂತ ನನ್ನ ಹೆದರಿಕೆ.

"ಒಬ್ಬರಿಗೊಬ್ಬರು ಆಡುವ ಆಟಕ್ಕೆ ತಂಡ ಎಂಥದ್ದು?" ಅಂತ ನಮ್ಮ ಭಾವ ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ತಂಡದಲ್ಲಿ ನಾಲ್ವರು, ಒಂದು ಪಂದ್ಯಕ್ಕೆ ಇಳಿಯುವವರು ಮೂವರು. ಆಟದ ಬಲ ನೋಡಿ ಮೊದಲನೆಯವಳು, ಎರಡನೆಯವಳು, ಮೂರನೆಯವಳು ಅಂತ ಸಾಲು. ಮೊದಲನೆಯವಳಿಗೆ ಎದುರಾಳಿ ತಂಡದ ಮೊದಲನೆಯವಳು, ಮೂರನೆಯವಳಿಗೆ ಮೂರನೆಯವಳು. ಮೂರರಲ್ಲಿ ಎರಡು ಗೆದ್ದವರಿಗೆ ಪಂದ್ಯ. ಅಂದರೆ ನಿಮ್ಮಲ್ಲಿ ಲೋಕಕ್ಕೇ ದೊಡ್ಡ ಆಟಗಾರ್ತಿ ಇದ್ದರೂ ಅವಳು ತಂದುಕೊಡುವುದು ಒಂದೇ ಒಂದು ಗೆಲುವು.

ಇದಕ್ಕೆ ಮಲೇಷ್ಯಾಕ್ಕಿಂತ ಸಾಕ್ಷಿ ಬೇಡ. ಪೆನಾಂಗಿನ ನಿಕೋಲ್ ಡೇವಿಡ್ 2006ರಿಂದ 2015ರವರೆಗೆ ಒಂದೇ ಸಮನೆ ವಿಶ್ವದ ನಂಬರ್ ಒನ್. ಎಂಟು ಸಲ ವಿಶ್ವ ಚಾಂಪಿಯನ್. ಆದರೆ ತಂಡದ ವಿಶ್ವ ಕಿರೀಟ ಅವಳ ದೇಶಕ್ಕೆ ಒಮ್ಮೆಯೂ ಸಿಗಲಿಲ್ಲ. 2014ರ ಡಿಸೆಂಬರಿನಲ್ಲಿ ಕೆನಡಾದಲ್ಲಿ ಫೈನಲ್‌ವರೆಗೆ ಬಂದು ಇಂಗ್ಲೆಂಡಿಗೆ ಸೋತರು. ಅದೇ ತಿಂಗಳು ಕೈರೋದಲ್ಲಿ ನಿಕೋಲ್ ತನ್ನ ಎಂಟನೇ ವಿಶ್ವ ಪ್ರಶಸ್ತಿ ಎತ್ತಿದಳು! ಆ ಎರಡು ಸುದ್ದಿಯನ್ನು ಅಕ್ಕಪಕ್ಕ ಇಟ್ಟು ನೋಡಿ.

ಇನ್ನೊಂದು ಕಡೆ ಈಜಿಪ್ಟ್. 2016, 2018, 2022, 2024, ಸತತ ನಾಲ್ಕು ಸಲ ಅವರೇ. (2020ರದ್ದು ಕೊರೊನಾದಿಂದ ನಡೆಯಲಿಲ್ಲ.) ಅವರಲ್ಲೂ ನೂರ್ ಎಲ್ ಶೆರ್ಬಿನಿ ಇದ್ದಾಳೆ, 2025ರಲ್ಲಿ ಎಂಟನೇ ವಿಶ್ವ ಕಿರೀಟ ಗೆದ್ದು ನಿಕೋಲ್ ಸಾಲಿಗೆ ಬಂದವಳು. ಆದರೆ ಆ ಫೈನಲ್‌ನಲ್ಲಿ ಅವಳಿಗೆ ಸೋತ ಹಾನಿಯಾ ಎಲ್ ಹಮ್ಮಾಮಿಯೂ ಈಜಿಪ್ಟಿನವಳೇ. ಅಲ್ಲಿ ಬೆಂಚಿನ ಮೇಲೆ ಕೂತು ಚಪ್ಪಾಳೆ ತಟ್ಟುವವಳು ಬೇರೆ ಎಷ್ಟೋ ದೇಶದಲ್ಲಿ ಮೊದಲನೆಯವಳಾಗುತ್ತಿದ್ದಳು.

ಕಾರವಾರದಲ್ಲಿ ಕೂತು ಇದನ್ನೆಲ್ಲ ಯಾಕೆ ತಲೆಗೆ ಹಚ್ಚಿಕೊಳ್ಳಬೇಕು? ಇಲ್ಲಿ ನಾನು ಸ್ಕ್ವಾಷ್ ಕೋರ್ಟು ಕಂಡವಳಲ್ಲ. ನೌಕಾನೆಲೆಯ ಒಳಗೆ ಇದ್ದರೆ ಇರಬಹುದು, ಅದು ನಮಗೆ ಬೇಲಿಯಾಚೆ. ನಾನು ಆಡಿದ್ದು ಖೋ ಖೋ, ಅದೂ ಹೈಸ್ಕೂಲು ಮುಗಿಯುವವರೆಗೆ. ಆದರೆ ನಮ್ಮ ಕಡೆ ಹೆಣ್ಣುಮಕ್ಕಳು ಆಟಕ್ಕೆ ಮನೆ ಬಿಟ್ಟು ಹೊರಡುವುದು ಹೇಗೆ ಅಂತ ಚೆನ್ನಾಗಿ ಗೊತ್ತು. "ಒಬ್ಬಳೇ ಎಲ್ಲಿಗೆ?" ಅಂತ ಆಯಿ ಕೇಳುತ್ತಾಳೆ. "ಅವಳೂ ಬರ್ತಾಳೆ, ಇವಳೂ ಬರ್ತಾಳೆ, ಅಕ್ಕೋರೂ ಇರ್ತಾರೆ" ಅಂದ ಮೇಲೆ ಅಪ್ಪ ಬಸ್ಸಿನ ದುಡ್ಡು ಕೊಡುತ್ತಾನೆ. ಕುಮಟಾದಲ್ಲಿ ಜಿಲ್ಲಾ ಮಟ್ಟದ ಆಟ ಅಂದರೆ ತಂಡ ಇದ್ದದ್ದಕ್ಕೇ ನಾವು ಹೋದದ್ದು. ನಮ್ಮಲ್ಲಿ ಓಟದಲ್ಲಿ ನನಗಿಂತ ಎಷ್ಟೋ ಚುರುಕಿನ ಹುಡುಗಿ ಒಬ್ಬಳಿದ್ದಳು. ಖೋ ಖೋಕ್ಕೆ ನಮ್ಮ ಜೊತೆ ಬಂದಳು, ಒಬ್ಬಳೇ ಓಡಬೇಕಾದ ಆಟಕ್ಕೆ ಮನೆಯಲ್ಲಿ ಬಿಡಲೇ ಇಲ್ಲ. ಒಲಿಂಪಿಕ್ಸ್ ನಡೆಸುವವರಿಗೆ ಇದು ಗೊತ್ತಿರಬೇಕಿಲ್ಲ, ಸರಿ. ನಮ್ಮ ಕ್ರೀಡಾ ಇಲಾಖೆಗಾದರೂ ಗೊತ್ತಿರಬೇಕಲ್ಲ?

ನಮ್ಮ ದೇಶದ ತಂಡವನ್ನೇ ನೋಡಿ. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 37 ವರ್ಷದ ಜೋಶ್ನಾ ಚಿನ್ನಪ್ಪ, 15 ವರ್ಷದ ಅನಾಹತ್ ಸಿಂಗ್, ಜೊತೆಗೆ ದೀಪಿಕಾ ಪಳ್ಳಿಕಲ್, ತನ್ವಿ ಖನ್ನಾ. ಸೆಮಿಫೈನಲ್‌ನಲ್ಲಿ ಹಾಂಗ್‌ಕಾಂಗಿಗೆ 1-2ರಿಂದ ಸೋತು ಕಂಚು. ಒಂದೇ ಒಂದು ಆಟ ಕಡಿಮೆ ಬಿತ್ತು. 2025ರ ಡಿಸೆಂಬರಿನಲ್ಲಿ ಚೆನ್ನೈನಲ್ಲಿ ಅದೇ ಹಾಂಗ್‌ಕಾಂಗನ್ನು 3-0ರಿಂದ ಸೋಲಿಸಿ ಭಾರತ ವಿಶ್ವಕಪ್ ಗೆದ್ದಾಗ ಕೊಡಗು ಮೂಲದ ನಮ್ಮ ಜೋಶ್ನಾಳನ್ನು ನೋಡಿ ಕಣ್ಣು ತುಂಬಿತು. ಆದರೆ ಅದು ಇಬ್ಬರು ಗಂಡಸರು, ಇಬ್ಬರು ಹೆಂಗಸರ ಮಿಶ್ರ ತಂಡ. ಅಲ್ಲಿ ಜೋಶ್ನಾ, ಅನಾಹತ್ ಸಾಕಾಯಿತು. ಮಹಿಳೆಯರ ತಂಡಕ್ಕೆ ಮೂರನೆಯವಳು ಬೇಕೇ ಬೇಕು, ಮತ್ತು ಜೋಶ್ನಾ ಇನ್ನೆಷ್ಟು ವರ್ಷ ಆಡಿಯಾಳು?

ಆ ಮೂರನೆಯವಳು ಮುಂಬೈ, ಚೆನ್ನೈ, ದಿಲ್ಲಿಯ ಕ್ಲಬ್ಬುಗಳಿಂದಲೇ ಬರಬೇಕೆಂದಿಲ್ಲ. ಕಾಳಿ ಸೇತುವೆ ಹತ್ತಿ ಮಾಜಾಳಿ ಚೆಕ್‌ಪೋಸ್ಟ್ ದಾಟಿದರೆ ಗೋವಾ. ಭಾರತಕ್ಕೆ ಆಡಿದ ಆಕಾಂಕ್ಷಾ ಸಾಳುಂಖೆ ಅಲ್ಲಿಯವಳು. ನಾವು ಮೀನಿಗೆ, ಕೆಲಸಕ್ಕೆ, ಆಸ್ಪತ್ರೆಗೆ ದಾಟುವ ಅದೇ ಗಡಿ.

ಕೋರ್ಟು ಅಂದರೆ 9.75 ಮೀಟರ್ ಉದ್ದ, 6.4 ಮೀಟರ್ ಅಗಲದ ಒಂದು ಕೋಣೆ. ನಮ್ಮ ಆರು ತಿಂಗಳ ಮಳೆ ಅದರೊಳಗೆ ಬರುವುದಿಲ್ಲ ಅನ್ನುವುದೇ ಒಂದು ದೊಡ್ಡ ಲಾಭ. ಜಿಲ್ಲೆಗೊಂದು ಕಟ್ಟಿದರೆ ಶಾಲೆಗಳ ನಡುವಿನ ಸ್ಪರ್ಧೆಯನ್ನು ತಂಡದ ಲೆಕ್ಕದಲ್ಲೇ ನಡೆಸಲಿ. ಮೂವರು ಇಲ್ಲದೆ ಹೆಸರು ಕೊಡುವ ಹಾಗಿಲ್ಲ ಅಂದರೆ ಪಿ.ಟಿ. ಮಾಸ್ತರು ಮೂರನೇ ಹುಡುಗಿಯ ಮನೆ ಹುಡುಕಿಕೊಂಡು ಹೋಗುತ್ತಾರೆ, ಅವಳ ಆಯಿಯನ್ನು ಒಪ್ಪಿಸುತ್ತಾರೆ.

ಕಾರವಾರ, ಅಂಕೋಲಾ ಕಡೆಯಿಂದ ಯಾರಾದರೂ ಹುಡುಗಿಯರು ಗೋವಾಕ್ಕೆ ಹೋಗಿ ಸ್ಕ್ವಾಷ್ ಕಲಿಯುತ್ತಿದ್ದರೆ ಕೆಳಗೆ ಬರೆಯಿರಿ. ನಮ್ಮ ಅಕ್ಕನ ಮಗಳು ಕೇಳುತ್ತಿದ್ದಾಳೆ. ಜೊತೆಗೆ ಹೋಗಲು ಇನ್ನಿಬ್ಬರು ಬೇಕಂತೆ.