ಮೊದಲು ತೀರ್ಮಾನ, ಆಮೇಲೆ ಸಮನ್ವಯ ಸಭೆ

ಮತ್ತೊಂದು ಡೋನರ್ ಮ್ಯಾಟ್ರಿಕ್ಸ್ ಕಣ್ಣಿಗೆ ಬಿತ್ತು, ಅಂದರೆ ಬಡ ದೇಶಕ್ಕೆ ನೆರವು ಕೊಡುವ ದೇಶ, ಸಂಸ್ಥೆಗಳು (ಡೋನರ್‌ಗಳು) ಮಾಡುವ ಕೆಲಸದ ಪಟ್ಟಿ. ಯಾವ ದೇಶದ್ದು, ಯಾವ ಕಚೇರಿಯದ್ದು ಅಂತ ಹೇಳುವುದಿಲ್ಲ. ಹೇಳಿದರೂ ವ್ಯತ್ಯಾಸವಾಗದು, ಎಲ್ಲ ಕಡೆಯೂ ಅದೇ ಎಕ್ಸೆಲ್ ಹಾಳೆ. ಯಾರು, ಏನು, ಎಲ್ಲಿ ಅಂತ ಮೂರು ಕಾಲಂ, ಸಂಸ್ಥೆಗೊಂದು ಬಣ್ಣ, ತಳದಲ್ಲಿ ಒಟ್ಟು ಮೊತ್ತ. ಜೊತೆಗೆ "ಅಭಿವೃದ್ಧಿ ಪಾಲುದಾರರ ನಡುವೆ ಉತ್ತಮ ಸಮನ್ವಯ ಸಾಧಿಸಲಾಗಿದೆ" ಅನ್ನುವ ಒಂದು ಸಾಲು. ಆ ಸಾಲು ಕಂಡರೆ ನನಗೆ ಮೈ ಉರಿಯುತ್ತದೆ ಅಂತ ಈ ಗೋಡೆ ಓದುವವರಿಗೆ ಗೊತ್ತೇ ಇದೆ. ಇನ್ನೊಂದು ಸಲ ಬರೆಯುತ್ತೇನೆ, ಸಹಿಸಿಕೊಳ್ಳಿ.

ನನ್ನ ತಕರಾರು ಒಂದೇ. ಆ ಹಾಳೆ ತುಂಬುವ ಹೊತ್ತಿಗೆ ತೀರ್ಮಾನವೆಲ್ಲ ಮುಗಿದಿರುತ್ತದೆ. ಒಂದು ನೆರವಿನ ಯೋಜನೆ ಸಾಗುವ ದಾರಿ ನೋಡಿ. ಮೊದಲು ಕಾನ್ಸೆಪ್ಟ್ ನೋಟ್ (ಯೋಜನೆಯ ಕರಡು ಟಿಪ್ಪಣಿ), ಆಮೇಲೆ ತಜ್ಞರ ತಂಡದ ಭೇಟಿ, ಅಪ್ರೈಸಲ್ (ಯೋಜನೆಯ ವಿವರವಾದ ಪರಿಶೀಲನೆ), ಕೇಂದ್ರ ಕಚೇರಿಯ ಅಥವಾ ಬೋರ್ಡಿನ ಒಪ್ಪಿಗೆ, ಸರ್ಕಾರದ ಜೊತೆ ಒಪ್ಪಂದಕ್ಕೆ ಸಹಿ, ಮೊದಲ ಕಂತಿಗೆ ಮುಂಚಿನ ಷರತ್ತುಗಳು, ಕೊನೆಗೆ ಹಣ. ಇಷ್ಟಕ್ಕೆ ಒಂದೆರಡು ವರ್ಷ ಹಿಡಿಯುವುದು ಮಾಮೂಲು. ಯಾವ ಜಿಲ್ಲೆ, ಎಷ್ಟು ಮೊತ್ತ, ಯಾವ ಸೂಚ್ಯಂಕ, ಎಷ್ಟು ವಾಹನ ಅನ್ನುವುದೆಲ್ಲ ಅಪ್ರೈಸಲ್ ಹಂತದಲ್ಲೇ ಗಟ್ಟಿಯಾಗಿಬಿಡುತ್ತದೆ. ಸಹಿ ಬಿದ್ದ ಮೇಲೆ ಸೆಕ್ಟರ್ ವರ್ಕಿಂಗ್ ಗ್ರೂಪಿಗೆ (ಒಂದೊಂದು ಕ್ಷೇತ್ರಕ್ಕೂ ಸರ್ಕಾರ, ಡೋನರ್‌ಗಳು ಸೇರುವ ಸಮನ್ವಯ ಸಭೆಗೆ) ಬಂದು ಸ್ಲೈಡ್ ತೋರಿಸಿ "ನಿಮ್ಮ ಅಭಿಪ್ರಾಯಕ್ಕೆ ಸ್ವಾಗತ" ಅನ್ನುತ್ತಾರೆ. ಅಭಿಪ್ರಾಯ ಹೇಳಿ ಏನು ಪ್ರಯೋಜನ? ಜಿಲ್ಲೆ ಬದಲಿಸಬೇಕೆಂದರೆ ಒಪ್ಪಂದಕ್ಕೆ ತಿದ್ದುಪಡಿ, ತಿದ್ದುಪಡಿಗೆ ಮತ್ತೆ ಕೇಂದ್ರ ಕಚೇರಿಯ ಒಪ್ಪಿಗೆ. ಆ ಗೋಜಿಗೆ ಯಾರೂ ಹೋಗುವುದಿಲ್ಲ. ಪಕ್ಕದ ಕುರ್ಚಿಯ ಸಂಸ್ಥೆಯೂ ಅದೇ ಜಿಲ್ಲೆಗೆ ಅದೇ ಕೆಲಸ ತಂದಿದೆ ಅಂತ ಅಲ್ಲೇ ಗೊತ್ತಾದರೆ, ಇಬ್ಬರೂ ನಕ್ಕು ನಡಾವಳಿಯಲ್ಲಿ "ಸಿನರ್ಜಿ" ಅಂತ ಬರೆಸುತ್ತಾರೆ.

ಕ್ಯಾಲೆಂಡರಿನಿಂದಲೇ ಗಲಾಟೆ ಶುರು. ಅಮೆರಿಕದ ಆರ್ಥಿಕ ವರ್ಷ ಅಕ್ಟೋಬರ್ 1ಕ್ಕೆ, ಜಪಾನಿನದು ಏಪ್ರಿಲ್ 1ಕ್ಕೆ, ಜರ್ಮನಿಯದು ಜನವರಿ 1ಕ್ಕೆ, ವಿಶ್ವಬ್ಯಾಂಕಿನದು ಜುಲೈ 1ಕ್ಕೆ ಶುರು. ನೆರವು ಪಡೆಯುವ ದೇಶದ್ದು ಇನ್ನೊಂದು. ಇಥಿಯೋಪಿಯಾದ್ದು ಜುಲೈ 8ಕ್ಕೆ. ನೆರವು ಪಡೆಯುವ ದೇಶದ ಹಣಕಾಸು ಸಚಿವಾಲಯ ಹೊಸ ವರ್ಷಕ್ಕೆ ತಿಂಗಳುಗಳ ಮುಂಚೆಯೇ ಪ್ರತಿ ಇಲಾಖೆಗೂ ಇಷ್ಟೇ ಮಿತಿ ಅಂತ ಸುತ್ತೋಲೆ ಕಳಿಸಿರುತ್ತದೆ. ಡೋನರ್ ತನ್ನ ಅಂಕಿ ಹೇಳುವುದು ಅದಾದ ಮೇಲೆ. ಆಗ ಆಗುವುದು ಎರಡರಲ್ಲಿ ಒಂದು. ಒಂದೋ ಇಲಾಖೆ ಅದೇ ಆಸ್ಪತ್ರೆಗೆ ತನ್ನ ಹಣವನ್ನೂ ಇಟ್ಟಿರುತ್ತದೆ. ಇಲ್ಲವೇ "ಹೇಗೂ ಅವರು ಕೊಡುತ್ತಾರಲ್ಲ" ಅಂತ ಜಾಗ ಖಾಲಿ ಬಿಟ್ಟಿರುತ್ತದೆ, ಡೋನರ್ ಅಷ್ಟರಲ್ಲಿ ಮನಸ್ಸು ಬದಲಿಸಿರುತ್ತಾನೆ. ಮೇಲಾಗಿ ಉಳಿದ ಹಣ ವಾಪಸ್ ಹೋಗಿಬಿಡುತ್ತದೆ ಅನ್ನುವ ಭಯಕ್ಕೆ ಒಬ್ಬೊಬ್ಬರದೂ ವರ್ಷಾಂತ್ಯದ ಖರ್ಚಿನ ಭರಾಟೆ. ಡಿಸೆಂಬರಿಗೊಮ್ಮೆ, ಮಾರ್ಚಿಗೊಮ್ಮೆ, ಜೂನಿಗೊಮ್ಮೆ, ಸೆಪ್ಟೆಂಬರಿಗೊಮ್ಮೆ ಕಾರ್ಯಾಗಾರ. ಅದೇ ಜಿಲ್ಲಾ ಆರೋಗ್ಯಾಧಿಕಾರಿ, ಅದೇ ಹೋಟೆಲ್ ಹಾಲ್, ಅದೇ ಫ್ಲಿಪ್ ಚಾರ್ಟ್.

ಇದಕ್ಕೆ ಮದ್ದು ಗೊತ್ತಿಲ್ಲ ಅಂತೇನಿಲ್ಲ. ತಾಂಜಾನಿಯಾದಲ್ಲಿ ಸರ್ಕಾರಕ್ಕೂ ಡೋನರ್‌ಗಳಿಗೂ ಸಂಬಂಧ ಹಳಸಿದಾಗ, ಕೆನಡಾದ ಅರ್ಥಶಾಸ್ತ್ರಜ್ಞ ಜೆರಾಲ್ಡ್ ಹೆಲೈನರ್ ನೇತೃತ್ವದ ಸ್ವತಂತ್ರ ತಂಡ 1995ರಲ್ಲಿ ಇಬ್ಬರಿಗೂ ನೇರವಾಗಿ ಬುದ್ಧಿ ಹೇಳಿತು. ಮುಂದೆ ಆ ದೇಶ ಒಂದು ಸರಳ ನಿಯಮ ತಂದಿತು. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ, ಬಜೆಟ್ ಕೆಲಸ ನಡೆಯುವ ತಿಂಗಳುಗಳಲ್ಲಿ, ತುರ್ತಿಲ್ಲದ ಯಾವ ಮಿಷನ್ನೂ (ಡೋನರ್ ತಂಡದ ಭೇಟಿ) ಬೇಡ. ನಿಶ್ಶಬ್ದದ ಕಾಲ ಅಂತಲೇ ಅದಕ್ಕೆ ಹೆಸರು. ಅಧಿಕಾರಿಗಳಿಗೆ ಕೂತು ಕೆಲಸ ಮಾಡಲು ಬಿಡಿ ಅಂತ ಒಂದು ಸರ್ಕಾರ ನಿಯಮ ಮಾಡಿ ಕೇಳಬೇಕಾಯಿತು ಅಂದರೆ ಉಳಿದದ್ದನ್ನು ನೀವೇ ಊಹಿಸಿ. ಶ್ರೀಮಂತ ದೇಶಗಳ ಒಕ್ಕೂಟ ಓಇಸಿಡಿ ಲೆಕ್ಕ ಹಾಕಿದಾಗ 2007ರಲ್ಲಿ 54 ದೇಶಗಳಿಗೆ ಹೋದ ಮಿಷನ್‌ಗಳು 14,000ಕ್ಕೂ ಹೆಚ್ಚು. ವಿಯೆಟ್ನಾಮಿಗೆ ಕೆಲಸದ ದಿನವೊಂದಕ್ಕೆ ಸರಾಸರಿ ಮೂರು. ಬಂದವರಿಗೆಲ್ಲ ಅದೇ ಜಂಟಿ ಕಾರ್ಯದರ್ಶಿ ಕೂತು ಅದೇ ಕಥೆ ಹೇಳಬೇಕು.

ಹಾಗಂತ ಭರವಸೆಗಳಿಗೆ ಬರವಿಲ್ಲ. ನೆರವನ್ನು ಸುಧಾರಿಸುವ ಬಗ್ಗೆ ಅಂತರರಾಷ್ಟ್ರೀಯ ಸಭೆಗಳ ಮೇಲೆ ಸಭೆ ನಡೆದವು. 2003ರಲ್ಲಿ ರೋಮ್, 2005ರಲ್ಲಿ ಪ್ಯಾರಿಸ್, 2008ರಲ್ಲಿ ಅಕ್ರಾ, 2011ರಲ್ಲಿ ಬೂಸಾನ್. ಊರು ಚೆನ್ನಾಗಿ ಆರಿಸಿದ್ದರು. ಪ್ಯಾರಿಸ್ ಘೋಷಣೆಯನ್ನು ಮಾತ್ರ ನಾನು ಗೌರವಿಸುತ್ತೇನೆ, ಯಾಕೆಂದರೆ ಅದರಲ್ಲಿ 12 ಸೂಚ್ಯಂಕ ಇತ್ತು, 2010 ಅಂತ ಗಡುವೂ ಇತ್ತು. ಮಿಷನ್‌ಗಳಲ್ಲಿ ಶೇ. 40ರಷ್ಟು ಜಂಟಿಯಾಗಿರಬೇಕು ಅಂದಿತ್ತು, ಕೊನೆಗೆ ಆದದ್ದು ಶೇ. 19. ಆ ಸೂಚ್ಯಂಕಗಳಡಿ ಅಳೆದ ಒಟ್ಟು ಹದಿಮೂರು ಗುರಿಗಳಲ್ಲಿ ಈಡೇರಿದ್ದು ಒಂದೇ ಒಂದು, ತಾಂತ್ರಿಕ ನೆರವನ್ನು ಹೊಂದಿಸಿಕೊಂಡು ಕೊಡುವುದು. ನನ್ನ ಪ್ರಕಾರ ಇಡೀ ಪಟ್ಟಿಯಲ್ಲಿ ಅತ್ಯಂತ ಮೆತ್ತಗಿನ ಗುರಿ ಅದೇ.

ಅದೇ ಪಟ್ಟಿಯಲ್ಲಿ ಇನ್ನೊಂದಿತ್ತು, ಸರ್ಕಾರದ ಪಕ್ಕದಲ್ಲಿ ಡೋನರ್‌ಗಳು ಕಟ್ಟಿಕೊಳ್ಳುವ ಪ್ರತ್ಯೇಕ ಯೋಜನಾ ಘಟಕ, ಪಿಐಯು. ಓಇಸಿಡಿಯ ಮೊದಲ ಸಮೀಕ್ಷೆಯ 34 ದೇಶಗಳಲ್ಲಿ ಇಂಥವು 1,832 ಇದ್ದವು. ಮೂರನೇ ಎರಡರಷ್ಟು ಇಳಿಸಿ 611ಕ್ಕೆ ತರಬೇಕೆಂಬ ಗುರಿ ದೂರವೇ ಉಳಿಯಿತು. ಈ ಘಟಕ ಹೇಗೆ ಕೆಡಿಸುತ್ತದೆ ನೋಡಿ. ಅದಕ್ಕೊಬ್ಬ ಅಕೌಂಟೆಂಟ್, ಒಬ್ಬ ಖರೀದಿ ಅಧಿಕಾರಿ, ಮೌಲ್ಯಮಾಪನಕ್ಕೊಬ್ಬ, ಡ್ರೈವರ್‌ಗಳು ಬೇಕು. ಸಂಬಳ ಇಲಾಖೆಗಿಂತ ಎಷ್ಟೋ ಪಟ್ಟು. ಬರುವವರು ಎಲ್ಲಿಂದ? ಅದೇ ಇಲಾಖೆಯಿಂದ, ಅದೂ ಅಲ್ಲಿದ್ದ ಕೆಲಸ ಬಲ್ಲ ನಾಲ್ಕು ಜನರಲ್ಲಿ ಇಬ್ಬರು. ಮರುವರ್ಷ "ಇಲಾಖೆಯಲ್ಲಿ ಸಾಮರ್ಥ್ಯದ ಕೊರತೆ" ಅಂತ ವರದಿ ಬರುತ್ತದೆ. ಕೊರತೆ ನೀಗಲು ಇನ್ನೊಂದು ಸಂಸ್ಥೆ ಸಾಮರ್ಥ್ಯ ವೃದ್ಧಿ ಯೋಜನೆ ತರುತ್ತದೆ. ಅದಕ್ಕೂ ಒಂದು ಪಿಐಯು. ಉಳಿದ ಇಬ್ಬರು ಅಲ್ಲಿಗೆ. ನಗಬೇಡಿ, ಇದು ಹಾಸ್ಯವಲ್ಲ. ಸ್ಥಳೀಯ ಸಿಬ್ಬಂದಿಯ ಸಂಬಳಕ್ಕೆ ಒಂದೇ ಶ್ರೇಣಿ, ದಿನಭತ್ಯೆಗೆ ಒಂದೇ ದರ ಅಂತ ಎಲ್ಲ ಸಂಸ್ಥೆಗಳೂ ಸಹಿ ಹಾಕಿದರೆ ಅರ್ಧ ರೋಗ ಹೋಗುತ್ತದೆ. ಹಾಕುತ್ತಾರೆ ಕೂಡ. ಆಮೇಲೆ ಯಾರೋ ಒಬ್ಬರು "ಸಾರಿಗೆ ಮರುಪಾವತಿ" ಅಂತ ಇನ್ನೊಂದು ಲಕೋಟೆ ಶುರು ಮಾಡುತ್ತಾರೆ, ಉಳಿದವರ ಕಾರ್ಯಾಗಾರಕ್ಕೆ ಜನ ಬರುವುದು ನಿಲ್ಲುತ್ತದೆ, ತಿಂಗಳೊಪ್ಪತ್ತಿನಲ್ಲಿ ದರಪಟ್ಟಿ ಮೂಲೆ ಸೇರುತ್ತದೆ.

ಹತ್ತು ಜನ ಸೇರಿದರೆ ಹಾವು ಸಾಯದು ಅನ್ನುತ್ತಾರೆ. ಇಲ್ಲಿ ಹತ್ತೂ ಜನ ಒಂದೇ ಹಾವಿನ ಹಿಂದೆ ಬಿದ್ದು, ಪಕ್ಕದ್ದನ್ನು ಯಾರೂ ನೋಡುವುದಿಲ್ಲ. ಆರೋಗ್ಯ, ಶಿಕ್ಷಣ ಅಂದರೆ ನೂಕುನುಗ್ಗಲು, ಫೋಟೋ ಚೆನ್ನಾಗಿ ಬರುತ್ತದೆ. ರಸ್ತೆ ನಿರ್ವಹಣೆ, ಅಂಕಿಅಂಶ ಇಲಾಖೆ, ಲೆಕ್ಕಪರಿಶೋಧನೆ ಅಂದರೆ ಪಾಪ, ಕೇಳುವವರಿಲ್ಲ. ಐರೋಪ್ಯ ಒಕ್ಕೂಟ 2007ರಲ್ಲೇ ನೀತಿಸಂಹಿತೆ ಮಾಡಿ, ಒಂದು ದೇಶದಲ್ಲಿ ಒಬ್ಬ ಡೋನರ್ ಮೂರು ಕ್ಷೇತ್ರಗಳಿಗಿಂತ ಹೆಚ್ಚಿಗೆ ಕೈ ಹಾಕಬಾರದು ಅಂದಿತು. ಸ್ವಯಂಪ್ರೇರಿತ ಅಂತ ಒಂದು ಪದ ಸೇರಿಸಿದ್ದರಿಂದ ಏನಾಗಬೇಕೋ ಅದೇ ಆಯಿತು. ರುವಾಂಡಾ 2010ರಲ್ಲಿ ಬೇರೆ ದಾರಿ ಹಿಡಿಯಿತು. ಪಟ್ಟಿ ಮಾಡಿದ್ದು ಸರ್ಕಾರ. ನೀವು ಈ ಮೂರು ಕ್ಷೇತ್ರ, ಇದರಿಂದ ಹೊರಗೆ ಬನ್ನಿ, ಅಲ್ಲಿಗೆ ಹೋಗಿ ಅಂತ ಹೆಸರು ಹಿಡಿದು ಹಂಚಿತು. ಎಲ್ಲರೂ ಸಂತೋಷದಿಂದ ಒಪ್ಪಿದರು ಅಂತಲ್ಲ. ಆದರೆ "ಬೇಡ" ಅನ್ನುವ ಅಧಿಕಾರ ಯಾರ ಕೈಯಲ್ಲಿದೆ ಅಂತ ಸ್ಪಷ್ಟವಾಗಿತ್ತು.

ದುರಂತದ ಹೊತ್ತಿನಲ್ಲೂ ಇದೇ ಪ್ರಶ್ನೆ. ಸುನಾಮಿಯ ನಂತರ ಇಂಡೋನೇಷ್ಯಾ 2005ರ ಏಪ್ರಿಲ್‌ನಲ್ಲಿ ಅಚೆ ಮತ್ತು ನಿಯಾಸ್ ಪುನರ್ನಿರ್ಮಾಣಕ್ಕೆ ಬಿಆರ್‌ಆರ್ ಅನ್ನುವ ಏಜೆನ್ಸಿ ಕಟ್ಟಿತು. ಯಾವುದೇ ಸಂಸ್ಥೆ ತನ್ನ ಯೋಜನೆಯ ಕಾನ್ಸೆಪ್ಟ್ ನೋಟನ್ನು ಅದರ ಮುಂದೆ ಇಡಬೇಕಿತ್ತು. ನೂರೆಂಟು ಕೊರತೆಗಳಿದ್ದವು, ಆದರೂ ಕಾಗದ ನೋಡಿದ್ದು ಕೆಲಸ ಶುರುವಾಗುವ ಮುಂಚೆ. 2010ರ ಭೂಕಂಪದ ನಂತರ ಹೈಟಿಯಲ್ಲಿ ಕ್ಲಸ್ಟರ್ ಸಭೆಗಳು (ನೆರವು ಸಂಸ್ಥೆಗಳ ಕ್ಷೇತ್ರವಾರು ಸಮನ್ವಯ ಸಭೆಗಳು) ವಿಮಾನನಿಲ್ದಾಣದ ಹತ್ತಿರದ ವಿಶ್ವಸಂಸ್ಥೆಯ ನೆಲೆಯೊಳಗೆ, ಹೆಚ್ಚಾಗಿ ಇಂಗ್ಲಿಷಿನಲ್ಲಿ ನಡೆದವು. ಕ್ರಿಯೋಲ್, ಫ್ರೆಂಚ್ ಮಾತಾಡುವ ದೇಶ ಅದು. ಸ್ಥಳೀಯ ಸಂಘಟನೆಗಳ ಎಷ್ಟೋ ಜನಕ್ಕೆ ಗೇಟು ದಾಟಲೂ ಆಗಲಿಲ್ಲ.

ಇನ್ನು ಆ ತಳದ "ಒಟ್ಟು ಮೊತ್ತ". ಉದಾಹರಣೆಗೆ ಒಂದು ಸರ್ಕಾರ ಒಂದು ವಿಶ್ವಸಂಸ್ಥೆಯ ಏಜೆನ್ಸಿಗೆ 10 ಮಿಲಿಯನ್ ಡಾಲರ್ ಕೊಟ್ಟಿತು ಅಂತಿಟ್ಟುಕೊಳ್ಳಿ. ಏಜೆನ್ಸಿ ತನ್ನ ಖರ್ಚು ಹಿಡಿದು 9 ಮಿಲಿಯನ್ನನ್ನು ಒಂದು ದೊಡ್ಡ ಎನ್‌ಜಿಒಗೆ ದಾಟಿಸುತ್ತದೆ, ಅದು 8 ಮಿಲಿಯನ್ನನ್ನು ಸ್ಥಳೀಯ ಸಂಸ್ಥೆಗೆ. ಮೂವರೂ ಪ್ರಾಮಾಣಿಕವಾಗಿ ತಂತಮ್ಮ ಸಾಲು ತುಂಬುತ್ತಾರೆ. ಹಾಳೆಯ ಮೊತ್ತ 27 ಮಿಲಿಯನ್! ಅದರ ಮೇಲೆ ಒಬ್ಬರು ಬರೆದದ್ದು ಐದು ವರ್ಷದ ಬದ್ಧತೆ, ಇನ್ನೊಬ್ಬರದು ಈ ವರ್ಷ ಬಿಡುಗಡೆ ಮಾಡಿದ್ದು, ಮತ್ತೊಬ್ಬರದು ನಿಜವಾಗಿ ಖರ್ಚಾದದ್ದು. ಮೂರನ್ನೂ ಕೂಡಿ ಎರಡು ದಶಮಾಂಶ ಸ್ಥಾನದವರೆಗೆ ತೋರಿಸುವ ಧೈರ್ಯಕ್ಕೆ ನನ್ನ ನಮಸ್ಕಾರ. ನೆರವಿನ ಲೆಕ್ಕ ಬಹಿರಂಗಪಡಿಸಲು ಐಎಟಿಐ ಅನ್ನುವ ಉಪಕ್ರಮ ಅಕ್ರಾ ಸಭೆಯಲ್ಲಿ ಶುರುವಾಯಿತು, ಅದರ ಮಾನದಂಡ 2011ರಿಂದಲೂ ಇದೆ. ಬದ್ಧತೆ, ಬಿಡುಗಡೆ, ಖರ್ಚು ಅದರಲ್ಲಿ ಬೇರೆಬೇರೆ ಕೋಡ್. ಹಣ ಯಾರ ಯಾವ ಚಟುವಟಿಕೆಯಿಂದ ಬಂತು ಅಂತ ಗುರುತಿನ ಸಂಖ್ಯೆ ಹಾಕಲೂ ಜಾಗವಿದೆ. ಆ ಒಂದು ಜಾಗ ತುಂಬಿದರೆ ಎರಡೆರಡು ಸಲ ಎಣಿಸುವ ಕಾಟವೇ ಇಲ್ಲ. ಆದರೆ ಅದೇ ಜಾಗವನ್ನು ಖಾಲಿ ಬಿಡುತ್ತಾರೆ. ಶಾಲೆಯೊಳಗಿನ ಶೌಚಾಲಯ ಯಾವ ಲೆಕ್ಕಕ್ಕೆ ಅನ್ನುವುದು ಇನ್ನೊಂದು ರಗಳೆ. ಡೋನರ್‌ನ ಕೋಡ್ 14032, ಮೂಲ ನೈರ್ಮಲ್ಯ. ಸರ್ಕಾರದ ಬಜೆಟ್‌ನಲ್ಲಿ ಅದು ಶಿಕ್ಷಣ ಇಲಾಖೆಯ ಕಟ್ಟಡ. ಎರಡನ್ನೂ ಜೋಡಿಸುವ ಕೋಷ್ಟಕ ಮೊದಲೇ ಮಾಡಿಕೊಳ್ಳದಿದ್ದರೆ ಎರಡೂ ಕಡೆ ತಪ್ಪು ಉತ್ತರ ಬರುತ್ತದೆ.

ಈಗ ಕಾಮೆಂಟಿನಲ್ಲಿ ಬರುವ ವಾದ ನನಗೆ ಬಾಯಿಪಾಠ. "ಅಲ್ಲಿನ ಸರ್ಕಾರಗಳು ಸೋರುತ್ತವೆ, ಮೊಜಾಂಬಿಕ್ ನೋಡಲಿಲ್ಲವೇ?" ನೋಡಿದ್ದೇನೆ. ಸರ್ಕಾರದ ಖಾತರಿಯಿದ್ದ ನೂರು ಕೋಟಿ ಡಾಲರ್‌ಗೂ ಮೀರಿದ ಗುಪ್ತ ಸಾಲ 2016ರಲ್ಲಿ ಬಯಲಾಯಿತು, ಡೋನರ್‌ಗಳು ಬಜೆಟ್ ನೆರವು ನಿಲ್ಲಿಸಿದರು, ಸರಿಯಾಗಿಯೇ ಮಾಡಿದರು. ಆದರೆ ಸ್ವಾಮಿ, ಖಜಾನೆಗೆ ಹಣ ಸುರಿಯಿರಿ ಅಂತ ಇಲ್ಲಿ ಯಾರು ಹೇಳಿದರು? ನೆರವು ಸರ್ಕಾರದ ವ್ಯವಸ್ಥೆಯೊಳಗೆ ಬರುವುದಕ್ಕೆ ಹಲವು ಮೆಟ್ಟಿಲುಗಳಿವೆ. ಇಲಾಖೆಯ ಯೋಜನೆಯಲ್ಲಿ ಕಾಣಿಸುವುದು, ಬಜೆಟ್ ಪುಸ್ತಕದಲ್ಲಿ ಕಾಣಿಸುವುದು, ಸಂಸತ್ತಿನ ಒಪ್ಪಿಗೆ ಪಡೆಯುವುದು, ಖಜಾನೆಯ ಮೂಲಕ ಹಾಯುವುದು, ಸರ್ಕಾರಿ ಲೆಕ್ಕಪತ್ರಕ್ಕೆ ಬರುವುದು, ಸರ್ಕಾರಿ ಆಡಿಟ್‌ಗೆ ಒಳಪಡುವುದು. ಖಜಾನೆ ನಂಬಿಕೆಗೆ ಅರ್ಹವಲ್ಲವೇ, ಆ ಮೆಟ್ಟಿಲು ಬಿಡಿ. ಮೊದಲ ಎರಡಕ್ಕೆ ಏನು ಅಡ್ಡಿ? "ಮುಂದಿನ ಮೂರು ವರ್ಷ, ಈ ಜಿಲ್ಲೆ, ಇಷ್ಟು ಹಣ, ನಮ್ಮದೇ ಖಾತೆಯಿಂದ" ಅಂತ ಸುತ್ತೋಲೆಗೆ ಮುಂಚೆ ಹೇಳಿದರೆ ಒಂದು ಸೆಂಟೂ ಸೋರುವುದಿಲ್ಲ. ಭ್ರಷ್ಟಾಚಾರದ ನೆಪ ಹೇಳುವವರು ಅಷ್ಟನ್ನೂ ಹೇಳುವುದಿಲ್ಲ. ಹೇಳಿದರೆ ಆಮೇಲೆ ಮನಸ್ಸು ಬದಲಿಸಲು ಆಗುವುದಿಲ್ಲವಲ್ಲ, ಅದೇ ಕಷ್ಟ. ಡೋನರ್‌ಗಳೆಲ್ಲ ಒಂದಾದರೆ ಬಡ ದೇಶದ ಚೌಕಾಶಿ ಶಕ್ತಿ ಹೋಗುತ್ತದೆ ಅನ್ನುವ ವಾದದಲ್ಲಿ ಸ್ವಲ್ಪ ಹುರುಳಿದೆ, ಒಪ್ಪುತ್ತೇನೆ. ಅದಕ್ಕೇ ಸಭೆಯ ಅಧ್ಯಕ್ಷತೆ ಹಣಕಾಸು ಸಚಿವಾಲಯದ್ದಾಗಿರಬೇಕು, ಆತಿಥ್ಯ ವಹಿಸಿದ ಡೋನರ್‌ನದ್ದಲ್ಲ.

ಇದನ್ನೆಲ್ಲ ಇವತ್ತೇ ಇಷ್ಟು ಉದ್ದ ಬರೆಯಲು ಕಾರಣವಿದೆ. ಹಣ ಬರುವಾಗ ಸಮನ್ವಯ ಇಲ್ಲದಿದ್ದರೆ ದಂಡ, ಹೋಗುವಾಗ ಇಲ್ಲದಿದ್ದರೆ ಜೀವಕ್ಕೇ ಸಂಚಕಾರ. ಅಮೆರಿಕ 2025ರ ಜನವರಿಯಲ್ಲಿ ವಿದೇಶಿ ನೆರವನ್ನು ತಡೆಹಿಡಿಯಿತು, ಜುಲೈ 1ಕ್ಕೆ ಅದರ ನೆರವು ಸಂಸ್ಥೆ ಯುಎಸ್‌ಏಡ್ ಕೆಲಸ ನಿಲ್ಲಿಸಿತು, ಉಳಿದದ್ದು ವಿದೇಶಾಂಗ ಇಲಾಖೆಗೆ ಹೋಯಿತು. ಬ್ರಿಟನ್ 2027ರ ಹೊತ್ತಿಗೆ ತನ್ನ ನೆರವನ್ನು ರಾಷ್ಟ್ರೀಯ ಆದಾಯದ ಶೇ. 0.5ರಿಂದ 0.3ಕ್ಕೆ ಇಳಿಸುತ್ತದಂತೆ. ಮೂರು ಕಾಲಂ ಹಾಳೆಯಲ್ಲಿ ಇದರ ಪರಿಣಾಮ ಹುಡುಕಿ ನೋಡೋಣ. ಎಚ್‌ಐವಿ ಔಷಧಿಯ ಮುಂದೆ ಗ್ಲೋಬಲ್ ಫಂಡ್ (ಏಡ್ಸ್, ಕ್ಷಯ, ಮಲೇರಿಯಾ ವಿರುದ್ಧದ ಜಾಗತಿಕ ನಿಧಿ) ಅಂತಿರುತ್ತದೆ, ಅದರ ಹಣ ನಿಂತಿಲ್ಲ, ಹಾಗಾಗಿ ಸಾಲು ಹಸಿರು. ಆದರೆ ಉಗ್ರಾಣದಿಂದ ಜಿಲ್ಲೆಗೆ ಹೋಗುವ ಲಾರಿಯ ಬಾಡಿಗೆ ಬೇರೆ ಸಂಸ್ಥೆಯದು, ಲ್ಯಾಬಿಗೆ ರಕ್ತದ ಮಾದರಿ ಒಯ್ಯುವ ಬೈಕಿನವನ ಸಂಬಳ ಇನ್ನೊಂದರದು, ದಾಸ್ತಾನು ಎಷ್ಟಿದೆ ಅಂತ ಕಂಪ್ಯೂಟರಿಗೆ ಹಾಕುವ ಹುಡುಗಿಯದು ಮತ್ತೊಂದರದು. ಒಬ್ಬರು ಎದ್ದು ಹೋದರೆ ಔಷಧಿ ರಾಜಧಾನಿಯ ಉಗ್ರಾಣದಲ್ಲಿ ಅವಧಿ ಮುಗಿಯುವವರೆಗೆ ಕೂರುತ್ತದೆ, ರೋಗಿ ಜಿಲ್ಲೆಯಲ್ಲಿ ಕಾಯುತ್ತಾನೆ.

ಆದ್ದರಿಂದ ಕೇಳುವುದಿಷ್ಟು. ಸಾಲೊಂದಕ್ಕೆ ಇನ್ನೂ ನಾಲ್ಕು ಕಾಲಂ ಹಾಕಿ: ಹಣ ಯಾವ ತಿಂಗಳಲ್ಲಿ ಬರುತ್ತದೆ, ಯಾರ ಖಾತೆಯ ಮೂಲಕ, ಈ ಕೆಲಸ ಬೇರೆ ಯಾರ ಯಾವ ಕೆಲಸದ ಮೇಲೆ ನಿಂತಿದೆ, ಯಾವ ತಿಂಗಳಲ್ಲಿ ನಿಲ್ಲುತ್ತದೆ. ಬಜೆಟ್ ಮಿತಿಯ ಸುತ್ತೋಲೆಗೆ ಎರಡು ತಿಂಗಳು ಮುಂಚೆ ತುಂಬಿ ಕೊಡಿ. ಬಿಟ್ಟುಹೋಗುವ ಸಂಸ್ಥೆ ಒಂದು ಬಜೆಟ್ ಸುತ್ತು ಮುಗಿಯುವಷ್ಟು ಮುಂಚೆ ಯಾವ ಸಂಬಳ, ಯಾವ ಬಾಡಿಗೆ, ಯಾವ ಸಾಫ್ಟ್‌ವೇರ್ ಲೈಸೆನ್ಸ್ ಎಂದು ನಿಲ್ಲುತ್ತದೆ ಅಂತ ಪಟ್ಟಿ ಕೊಡಲಿ, ಬೀಗದ ಕೈ ಮತ್ತು ಪಾಸ್‌ವರ್ಡ್ ಸಮೇತ. ಪಾಸ್‌ವರ್ಡ್ ಅಂದದ್ದು ತಮಾಷೆಗಲ್ಲ, ದತ್ತಾಂಶವೆಲ್ಲ ಗುತ್ತಿಗೆದಾರನ ಸರ್ವರಿನಲ್ಲಿದ್ದರೆ ಗುತ್ತಿಗೆ ಮುಗಿದ ದಿನವೇ ಇಲಾಖೆಯ ಪರದೆ ಖಾಲಿ.