60 ಪರ್ಸೆಂಟ್ ಸೈಕಲ್

ನಮ್ಮ ಮನೆಯಲ್ಲಿ ಒಂದು ರೋಡ್ ಬೈಕ್ ಇದೆ. ಮೋಟಾರ್ ಬೈಕ್ ಅಲ್ಲ, ಟಗರಿನ ಕೊಂಬಿನ ಹಾಗೆ ಬಗ್ಗಿದ ಹ್ಯಾಂಡಲ್ ಇರುತ್ತದಲ್ಲ, ಆ ಸೈಕಲ್. ಒಂದು ಕೊಂಬಿಗೆ ಒದ್ದೆ ಟವೆಲ್, ಇನ್ನೊಂದಕ್ಕೆ ಬನಿಯನ್, ನಡುವಿನ ಬಾರಿಗೆ ಎರಡು ಪ್ಯಾಂಟ್. ಬಟ್ಟೆ ಒಣಗಿಸಲು ಇಷ್ಟು ಅನುಕೂಲದ ಸಾಮಾನು ಬೇರೆ ಇಲ್ಲ. ಬಿಸಿಲು ಸರಿದ ಕಡೆಗೆ ತಳ್ಳಿಕೊಂಡು ಹೋಗಬಹುದು. ಅದನ್ನು ನಾನು 60 ಪರ್ಸೆಂಟ್ ರಿಯಾಯಿತಿಯಲ್ಲಿ ಕೊಂಡಿದ್ದೆ. ಉಳಿದ 40 ಪರ್ಸೆಂಟನ್ನೂ ಕೊಡಬಾರದಿತ್ತು ಅಂತ ಈಗ ಅನಿಸುತ್ತದೆ.

ಹೀಗಿರುವಾಗ ಮೊನ್ನೆ ರಾತ್ರಿ ಫೋನಿನಲ್ಲಿ ಇನ್ನೊಂದು ರಿಯಾಯಿತಿ ಕಣ್ಣಿಗೆ ಬಿತ್ತು. ಹೊಸಬರಿಗೆಂದೇ ಮಾಡಿದ ರೋಡ್ ಬೈಕ್, 40 ಪರ್ಸೆಂಟ್ ಕಡಿತ. ಬೆಲೆಯ ಪಕ್ಕದಲ್ಲಿ ಒಂದು ಕೆಂಪು ಗಡಿಯಾರ ಹಿಂದಕ್ಕೆ ಓಡುತ್ತಿತ್ತು. ಇನ್ನು 3 ಗಂಟೆ 12 ನಿಮಿಷ. ನನಗೆ ಅಂಥ ಗಡಿಯಾರ ಕಂಡರೆ ಎದೆ ಢವಢವ ಅನ್ನುತ್ತದೆ. ಪರೀಕ್ಷೆಯಲ್ಲಿ ಕೊನೆಯ ಗಂಟೆ ಹೊಡೆದಾಗಲೂ ಇಷ್ಟು ಗಾಬರಿಯಾಗಿರಲಿಲ್ಲ.

"ಸೈಕಲ್ ಇದೆಯಲ್ಲಾ ರೀ," ಅಂದಳು ಹೆಂಡತಿ.

"ಅದು ಸರಿಯಿಲ್ಲ ಅಂತ ನೀನೇ ಹೇಳ್ತೀಯಲ್ಲ."

"ಅದನ್ನ ಕೊಳ್ಳುವಾಗಲೂ ಹೀಗೇ ಗಡಿಯಾರ ಓಡ್ತಿತ್ತು. ನೆನಪಿದೆಯಾ?"

ನೆನಪಿಲ್ಲದೆ ಏನು. ಮೊಣಕಾಲಿನಲ್ಲಿ ಗುರುತೇ ಇದೆ.

ಆ ಸೈಕಲ್ ಬಂದದ್ದು ಒಂದು ದೊಡ್ಡ ರಟ್ಟಿನ ಡಬ್ಬದಲ್ಲಿ. '85 ಪರ್ಸೆಂಟ್ ಜೋಡಿಸಿದೆ' ಅಂತ ಅದರ ಮೇಲೆ ಬರೆದಿತ್ತು. ಉಳಿದ 15 ಪರ್ಸೆಂಟಿನಲ್ಲಿ ಹ್ಯಾಂಡಲ್, ಮುಂದಿನ ಚಕ್ರ, ಸೀಟು, ಪೆಡಲ್ ಎಲ್ಲ ಸೇರಿದ್ದವು. ಅಂದರೆ ಸೈಕಲ್‌ನಲ್ಲಿ ಮನುಷ್ಯ ಮುಟ್ಟುವ ಜಾಗವೆಲ್ಲ ನನ್ನ ಪಾಲಿಗೆ ಬಿಟ್ಟಿದ್ದರು. ಮಧ್ಯಾಹ್ನದ ಹೊತ್ತಿಗೆ ಜೋಡಿಸಿ ಮುಗಿಸಿದೆ. ನೋಡಿದರೆ ಏನೋ ಒಂಥರಾ. ಸೈಕಲ್ ಮುಖ ಊದಿಸಿಕೊಂಡ ಹಾಗೆ ಕಾಣುತ್ತಿತ್ತು. ತುಳಿಯಲು ಹೋದರೆ ನನ್ನ ಕಾಲಿನ ಬೆರಳು ಮುಂದಿನ ಚಕ್ರಕ್ಕೆ ತಾಗುತ್ತಿತ್ತು. ಮುಂದಿನ ಚಕ್ರವನ್ನು ಹಿಡಿಯುವ ಕವಲು, ಅಂದರೆ ಫೋರ್ಕನ್ನು, ಹಿಂದುಮುಂದಾಗಿ ಕೂರಿಸಿದ್ದೇನೆ ಅಂತ ಗೊತ್ತಾಗಲು ಎರಡು ದಿನ ಬೇಕಾಯಿತು. ಮುಂದಿನ ಬ್ರೇಕ್ ಫೋರ್ಕಿನ ಮುಂದುಗಡೆ ಇರಬೇಕಂತೆ. ನನ್ನದು ಒಳಗಡೆ, ಫ್ರೇಮಿನ ಮರೆಯಲ್ಲಿ ನಾಚಿಕೊಂಡು ಕೂತಿತ್ತು.

ಆಮೇಲೆ ಗಾಳಿ. ರೋಡ್ ಬೈಕಿನ ಟ್ಯೂಬಿಗೆ ಸಾಮಾನ್ಯವಾಗಿ ಪ್ರೆಸ್ಟಾ ಅನ್ನುವ ತೆಳ್ಳಗಿನ ವಾಲ್ವ್ ಇರುತ್ತದೆ. ಅದರ ತುದಿಯಲ್ಲಿ ಒಂದು ಚಿಕ್ಕ ನಟ್ಟು. ಅದನ್ನು ಸಡಿಲಿಸಿದ ಮೇಲೇ ಗಾಳಿ ಒಳಗೆ ಹೋಗುವುದು. ಪಂಪೂ ಅದಕ್ಕೆ ಹೊಂದುವಂಥದ್ದೇ ಬೇಕು, ಇಲ್ಲವೇ ನಡುವೆ ಒಂದು ಅಡಾಪ್ಟರ್ ಬೇಕು. ಇದ್ಯಾವುದೂ ತಿಳಿಯದೆ ಮನೆಯಲ್ಲಿದ್ದ ಹಳೇ ಪಂಪ್ ಹಿಡಿದು ಅರ್ಧ ಗಂಟೆ ಹೊಡೆದೆ. ಗಾಳಿಯೆಲ್ಲ ನನ್ನಿಂದ ಹೋಯಿತೇ ಹೊರತು ಟೈರಿಗೆ ಹೋಗಲಿಲ್ಲ.

ಪೆಡಲ್ ಕಥೆ ಇದಕ್ಕಿಂತ ದೊಡ್ಡದು. ಎರಡು ಪೆಡಲ್‌ಗಳ ತುದಿಯಲ್ಲಿ ಒಂದೊಂದು ಇಂಗ್ಲಿಷ್ ಅಕ್ಷರ ಕೆತ್ತಿತ್ತು. ಒಂದರಲ್ಲಿ 'ಎಲ್', ಒಂದರಲ್ಲಿ 'ಆರ್'. 'ಎಲ್' ಅಂದರೆ ಲಾರ್ಜ್ ಅಂದುಕೊಂಡೆ. ಹಾಗಾದರೆ 'ಆರ್' ಏನು ಅಂತ ಯೋಚಿಸಬೇಕಿತ್ತು, ಯೋಚಿಸಲಿಲ್ಲ. ಎಡಗಡೆಯದು ಎಷ್ಟು ತಿರುಗಿಸಿದರೂ ಕಚ್ಚಲಿಲ್ಲ. ಸ್ಪ್ಯಾನರ್ ಹಾಕಿ, ಅದರ ಮೇಲೆ ನಿಂತು, ಭಗವಂತನ ಹೆಸರು ಹೇಳಿ ಒತ್ತಿದೆ. ಕಿರ್ರ್ ಅಂತ ಒಳಗೆ ಹೋಯಿತು. ಹೋದದ್ದು ಪೆಡಲ್, ಹಾಳಾದದ್ದು ಪೆಡಲ್ ಕೂರುವ ತೋಳಿನ, ಅಂದರೆ ಕ್ರ್ಯಾಂಕಿನ ಥ್ರೆಡ್. ಅದು ಅಲ್ಯೂಮಿನಿಯಂ, ಪೆಡಲ್‌ನ ಕಡ್ಡಿ ಸ್ಟೀಲ್. ಜಗಳದಲ್ಲಿ ಯಾರು ಗೆಲ್ಲುತ್ತಾರೆ ಹೇಳಬೇಕಾಗಿಲ್ಲ.

ಎಡಗಡೆ ಪೆಡಲ್‌ಗೆ ಉಲ್ಟಾ ಥ್ರೆಡ್ ಇರುತ್ತದೆ. ಬಿಗಿ ಮಾಡಲು ಎಡಕ್ಕೆ ತಿರುಗಿಸಬೇಕು. ಯಾರನ್ನೋ ಗೋಳುಹೊಯ್ದುಕೊಳ್ಳಲು ಹಾಗೆ ಮಾಡಿದ್ದಲ್ಲ. ತುಳಿಯುವಾಗ ಕಾಲಿನ ಭಾರ ಕಡ್ಡಿಯ ಸುತ್ತ ಸರಿಯುತ್ತಾ ಇರುತ್ತದೆ. ಹಾಗಾಗಿ ಕಡ್ಡಿ ತೂತಿನೊಳಗೆ ಗೊತ್ತಾಗದ ಹಾಗೆ ಹೊರಳುತ್ತದೆ. ಎಡಗಡೆಯೂ ಮಾಮೂಲಿ ಥ್ರೆಡ್ ಇದ್ದಿದ್ದರೆ ತುಳಿದು ತುಳಿದೇ ಪೆಡಲ್ ಬಿಚ್ಚಿಕೊಂಡುಬಿಡುತ್ತಿತ್ತು. ವಿಮಾನಕ್ಕೆ ಮೊದಲು ಸೈಕಲ್ ಮಾಡಿ ಮಾರುತ್ತಿದ್ದ ರೈಟ್ ಸಹೋದರರು 1900ರ ಹೊತ್ತಿಗೆ ತಮ್ಮ ಸೈಕಲ್‌ಗಳಿಗೆ ಈ ಉಲ್ಟಾ ಥ್ರೆಡ್ ಹಾಕಿದ್ದರು. 1903ರಲ್ಲಿ ಅವರ ಮೊದಲ ಹಾರಾಟ 120 ಅಡಿ ದೂರ ಹೋಯಿತು. ಪೆಡಲ್ ಕಿತ್ತುಕೊಂಡು ಶೂ ಜೊತೆ ಬಂದ ದಿನ ನನ್ನದು ಆರಡಿ.

ಇಷ್ಟಾದ ಮೇಲೆ ತೂಕ ನೋಡುವ ಬುದ್ಧಿ ಬಂತು. ಜಾಹೀರಾತಿನಲ್ಲಿ 'ಹಗುರ' ಅಂತಷ್ಟೇ ಇತ್ತು, ಎಷ್ಟು ಅಂತ ಇರಲಿಲ್ಲ. ಸೈಕಲ್ ಎತ್ತಿಕೊಂಡು ತೂಕದ ಮಿಷನ್ ಮೇಲೆ ನಿಲ್ಲುವುದು, ಆಮೇಲೆ ನಾನೊಬ್ಬನೇ ನಿಲ್ಲುವುದು, ಕಳೆಯುವುದು. ಸೈಕಲ್ 14.8 ಕಿಲೋ. ದೊಡ್ಡ ರೇಸುಗಳಲ್ಲಿ ಸೈಕಲ್ 6.8 ಕಿಲೋಗಿಂತ ಹಗುರ ಇರಬಾರದು ಅನ್ನುವ ನಿಯಮವಿದೆ. ಆ ಲೆಕ್ಕದಲ್ಲಿ ನನ್ನದನ್ನು ಕರಗಿಸಿದರೆ ಎರಡು ರೇಸ್ ಸೈಕಲ್ ಆಗಿ ಇನ್ನೂ 1 ಕಿಲೋ 200 ಗ್ರಾಂ ಕಬ್ಬಿಣ ಉಳಿಯುತ್ತದೆ. ಆದರೆ ಆ ದಿನ ನನಗೆ ನಿಜವಾಗಿ ನೋವಾದದ್ದು ಎರಡನೇ ಸಲ ನಿಂತಾಗ ಬಂದ ನಂಬರ್ ನೋಡಿ. ಅದನ್ನು ಇಲ್ಲಿ ಹೇಳುವುದಿಲ್ಲ. ಸೈಕಲ್ ಭಾರ ಅಂತ ದೂರುವುದನ್ನು ಅವತ್ತಿನಿಂದ ಸ್ವಲ್ಪ ಕಡಿಮೆ ಮಾಡಿದೆ.

ಹೀಗೆ ಪೆಟ್ಟು ತಿಂದವನು ನಾನು. ಈ ಸಲ ಕೊಳ್ಳುವ ಮೊದಲೇ ಭಾವಮೈದನಿಗೆ ಫೋನ್ ಮಾಡಿದೆ. ಅವನು ಭಾನುವಾರ ಬೆಳಗಾಗುವ ಮೊದಲೇ ಎದ್ದು 100 ಕಿಲೋಮೀಟರ್ ಸೈಕಲ್ ಹೊಡೆದು, ಬಂದು, ಮತ್ತೆ ಮಲಗುವ ಜಾತಿಯವನು.

"ಭಾವ, ಮೊದಲು ಪರ್ಸೆಂಟ್ ಮರೆತುಬಿಡಿ," ಅಂದ. "ಗೆರೆ ಹೊಡೆದ ಬೆಲೆಗೆ ಯಾರಾದರೂ ಕೊಂಡಿದ್ದು ನೋಡಿದ್ದೀರಾ? ಕೊಡಬೇಕಾದ ದುಡ್ಡಿಗೆ ಇದೇ ಸೈಕಲ್ ರಿಯಾಯಿತಿ ಇಲ್ಲದೆ ಸಿಕ್ಕಿದ್ದರೆ ಕೊಳ್ತಿದ್ರಾ?"

ರಿಯಾಯಿತಿ ಇಲ್ಲದಿದ್ದರೆ ನಾನು ತಿರುಗಿಯೂ ನೋಡುತ್ತಿರಲಿಲ್ಲ. ಆದರೆ ಹಾಗೆಲ್ಲ ಬಾಯಿಬಿಟ್ಟು ಹೇಳಲಾಗುತ್ತದೆಯೇ? "ನೋಡಬಹುದಿತ್ತು" ಅಂದೆ.

"ಸರಿ, ಗೇರ್ ಯಾವುದು?"

"ಶಿಮಾನೊ."

"ಅದು ಮನೆತನದ ಹೆಸರು ಭಾವ. ಹುಡುಗಿ ಹೆಸರು ಹೇಳಿ."

ಜಪಾನಿನ ಆ ಕಂಪನಿ ಶುರುವಾದದ್ದು 1921ರಲ್ಲಿ. ರೋಡ್ ಬೈಕಿನ ಗೇರುಗಳಲ್ಲಿ ಅವರದ್ದೇ ಒಂದು ಮೆಟ್ಟಿಲಿದೆ. ತೀರ ಕೆಳಗೆ ಟೂರ್ನಿ, ಹಿಂದುಗಡೆ 7 ಗೇರ್. ಅದರ ಮೇಲೆ 8 ಗೇರಿನ ಕ್ಲಾರಿಸ್, 9ರ ಸೋರಾ, 10ರ ಟಿಯಾಗ್ರಾ. ಅದಕ್ಕೂ ಮೇಲೆ '105'. ಫೋನ್ ಸ್ಪೀಕರಿನಲ್ಲಿತ್ತು. "ಸೋರಾ ಅಂದ್ರೆ ಸೋರುತ್ತಾ?" ಅಂತ ಹೆಂಡತಿ ಕೇಳಿದಳು. 105 ಅಂದಾಗ "ಅಯ್ಯೋ, ಅಷ್ಟು ಜ್ವರ ಬಂದ್ರೆ ಆಸ್ಪತ್ರೆಗೆ ಸೇರಿಸಬೇಕು," ಅಂದಳು. ಭಾವಮೈದ ನಗಲಿಲ್ಲ. ಸೈಕಲ್ ವಿಷಯದಲ್ಲಿ ಅವನು ನಗುವುದಿಲ್ಲ.

"ಕ್ಲಾರಿಸ್," ಅಂದೆ.

"ಎಲ್ಲಾನೂ ಕ್ಲಾರಿಸ್ಸಾ, ಹಿಂದಿಂದು ಮಾತ್ರಾನಾ?"

ಇದು ನನಗೆ ಹೊಸದು. ಹೆಸರಿರುವ ಕಂಪನಿಯ ಒಂದೇ ಒಂದು ಬಿಡಿಭಾಗವನ್ನು ಹಿಂದುಗಡೆ, ಎಲ್ಲರ ಕಣ್ಣಿಗೆ ಬೀಳುವ ಹಾಗೆ ಹಾಕಿ, ಮಿಕ್ಕದ್ದನ್ನೆಲ್ಲ ಸಿಕ್ಕಿದ್ದರಲ್ಲಿ ತುಂಬಿಸಿ ಮಾರುವವರಿದ್ದಾರಂತೆ. ನನ್ನ ಹಳೇದರಲ್ಲಿ ಹಾಗೇ ಇತ್ತು. ಅದರ ಗೇರ್ ಲಿವರ್ ಎರಡೂ ಹ್ಯಾಂಡಲ್ಲಿನ ಕುತ್ತಿಗೆ ಹತ್ತಿರ ಇದ್ದವು. ಏರು ಬಂದರೆ ಒಂದು ಕೈ ಬಿಟ್ಟು ಗೇರ್ ಎಳೆಯಬೇಕು. ಏರಿನಲ್ಲಿ ಒಂದೇ ಕೈ ಹಿಡಿದು ತುಳಿಯುವವನು ಎದುರಿಗೆ ಬರುವವರಿಗೆ ಕುಡಿದವನ ಹಾಗೆ ಕಾಣುತ್ತಾನೆ. ಬ್ರೇಕ್ ಲಿವರಿನಲ್ಲೇ ಗೇರ್ ಸೇರಿಸುವ ಪದ್ಧತಿಯನ್ನು ಶಿಮಾನೊ 1990ರಲ್ಲೇ ತಂದಿತ್ತು. ನಾನು ಮಾತ್ರ ಅದಕ್ಕೂ ಹಿಂದಿನ ಕಾಲದಲ್ಲಿ ಓಲಾಡುತ್ತಿದ್ದೆ. ಹೊಸದರಲ್ಲಿ ಲಿವರೂ ಕ್ಲಾರಿಸ್ಸೇ, ಕೈ ಎತ್ತುವ ಕೆಲಸವಿಲ್ಲ.

"ಆದರೆ ಇದರಲ್ಲಿ 16 ಗೇರು. ನನ್ನ ಹಳೇದರಲ್ಲಿ 21 ಇತ್ತು," ಅಂದೆ. ಇದು ನನ್ನ ತುರುಪಿನ ಎಲೆ.

"21 ಅನ್ನೋದು ಸುಮ್ನೆ ಮುಂದೆ 3 ಇಂಟು ಹಿಂದೆ 7 ಭಾವ. ಮುಂದೆ 50 ಹಲ್ಲು, ಹಿಂದೆ 25 ಹಾಕಿ. ಪೆಡಲ್ ಒಂದು ಸುತ್ತಿಗೆ ಚಕ್ರ ಎಷ್ಟು ಸುತ್ತು?"

"ಎರಡು."

"ಮುಂದೆ 34, ಹಿಂದೆ 17?"

"ಎರಡೇ."

"ಎರಡು ಗೇರ್ ಅಂತ ಲೆಕ್ಕ, ಕೆಲಸ ಒಂದೇ. ನಿಮ್ಮ 21ರಲ್ಲಿ ಅಂಥವು ಬೇಕಾದಷ್ಟು."

ಆಮೇಲೆ ಹಿಂದಿನ ಚಕ್ರದ ವಿಚಾರಣೆ. ಹಳೇದರಲ್ಲಿ ಫ್ರೀವೀಲ್ ಇತ್ತು. ಹಿಂದಿನ ಹಲ್ಲಿನ ಚಕ್ರಗಳ ಗೊಂಚಲನ್ನು ತಿರುಪಿ ಕೂರಿಸುವಂಥದ್ದು. ಅದರಲ್ಲಿ ಬಲಗಡೆ ಬೇರಿಂಗ್ ತೀರ ಒಳಗೆ ಉಳಿಯುತ್ತದೆ. ಅಲ್ಲಿಂದ ಆಚೆಗೆ ಆಕ್ಸೆಲ್ಲಿಗೆ ಆಸರೆಯಿಲ್ಲ. ನನ್ನಂಥವನು ಹಳ್ಳಕ್ಕೆ ಎರಡು ಸಲ ಇಳಿದರೆ ಬಗ್ಗುತ್ತದೆ. ಬಗ್ಗಿತು. ಹೊಸ ಸೈಕಲ್‌ನಲ್ಲಿ ಇದ್ದದ್ದು ಫ್ರೀಹಬ್ ಮತ್ತು ಅದರ ಮೇಲೆ ಜಾರಿಸಿ ಕೂರಿಸುವ ಹಲ್ಲಿನ ಗೊಂಚಲು, ಅಂದರೆ ಕ್ಯಾಸೆಟ್. ಅದರಲ್ಲಿ ಬೇರಿಂಗ್ ಅಂಚಿನ ಹತ್ತಿರವೇ ಕೂರುವುದರಿಂದ ಆ ಭಯ ಕಡಿಮೆ. ಫ್ರೇಮ್ ಅಲ್ಯೂಮಿನಿಯಂ, ಫೋರ್ಕ್ ಕಾರ್ಬನ್, ತೂಕ 10 ಕಿಲೋ ಆಸುಪಾಸು. ಬ್ರೇಕ್ ಮಾತ್ರ ರಿಮ್ಮನ್ನು ಹಿಡಿಯುವ ಹಳೇ ಥರದ್ದು, ಡಿಸ್ಕ್ ಅಲ್ಲ.

"ರಿಯಾಯಿತಿಗೆ ಅದೇ ಕಾರಣ," ಅಂದ ಭಾವಮೈದ. "ಈಗ ಎಲ್ಲರಿಗೂ ಡಿಸ್ಕೇ ಬೇಕು. ಇದೇನೂ ಕೆಟ್ಟದ್ದಲ್ಲ. ಮಳೆಯಲ್ಲಿ ಸ್ವಲ್ಪ ಮುಂಚೆ ಹಿಡೀಬೇಕು ಅಷ್ಟೇ. ಟೈರ್ ಎಷ್ಟು ದಪ್ಪದ್ದು ಹಿಡಿಸುತ್ತೆ ಕೇಳಿ. 28 ಮಿಲಿಮೀಟರ್ ಹಿಡಿಸಿದರೆ ಸಾಕು, ಬೆನ್ನು ಉಳಿಯುತ್ತೆ."

28 ಹಿಡಿಸುತ್ತಿತ್ತು. ಗಡಿಯಾರ 1 ಗಂಟೆ 40 ನಿಮಿಷಕ್ಕೆ ಬಂದಿತ್ತು.

"ಮಡ್‌ಗಾರ್ಡ್ ಇದೆಯಾ?" ಹೆಂಡತಿ ಕೇಳಿದಳು.

"ಇಲ್ಲ."

"ಸ್ಟ್ಯಾಂಡು? ಕ್ಯಾರಿಯರ್ರು? ಬೆಲ್ಲು?"

"ಇರಲ್ಲ ಅಕ್ಕ. ಪೆಡಲ್ ಕೂಡ ಎಷ್ಟೋ ಸೈಕಲ್‌ಗೆ ಕೊಡಲ್ಲ."

"ಅಂದ್ರೆ ದುಡ್ಡು ಜಾಸ್ತಿ ಕೊಟ್ಟಷ್ಟೂ ಸಾಮಾನು ಕಡಿಮೆ ಕೊಡ್ತಾರೆ."

ರೋಡ್ ಬೈಕಿನ ಬಗ್ಗೆ ಇಷ್ಟು ಚಿಕ್ಕದಾಗಿ ಇಷ್ಟು ಸರಿಯಾಗಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಪಂಪು, ಹೆಲ್ಮೆಟ್, ದೀಪ, ಬೀಗ, ಒಳಗೆ ದಿಂಬು ಹೊಲಿದ ಚಡ್ಡಿ, ಎಲ್ಲ ಸೇರಿದರೆ ರಿಯಾಯಿತಿಯಲ್ಲಿ ಉಳಿದ ದುಡ್ಡು ಬಂದ ದಾರಿಯಲ್ಲೇ ಹೋಗುತ್ತದೆ. ಚಡ್ಡಿ ಬೇಡ ಅಂತ ಅಂದುಕೊಳ್ಳಬೇಡಿ. ಅದೊಂದನ್ನು ಬೇಡ ಅಂದು ಒಂದು ವಾರ ನಿಂತುಕೊಂಡೇ ಊಟ ಮಾಡಿದವನು ಹೇಳುತ್ತಿದ್ದೇನೆ.

"ಒಟ್ಟಿನಲ್ಲಿ ಒಳ್ಳೇ ಸೈಕಲ್ಲೇ ಭಾವ," ಅಂತ ತೀರ್ಪು ಬಂತು. ನನ್ನ ಬೆರಳು ಆಗಲೇ ಗುಂಡಿಯ ಮೇಲಿತ್ತು. "ಸೈಜ್ ಯಾವುದು ಹಾಕ್ತಿದ್ದೀರಿ?"

ಫ್ರೇಮ್ ಸೈಜಿನ ಪಟ್ಟಿ ಬಿಚ್ಚಿದೆ, ಸೆಂಟಿಮೀಟರ್ ಲೆಕ್ಕದಲ್ಲಿ. 50, 52, 54, 56, ಎಲ್ಲ ಬೂದಿ ಬಣ್ಣಕ್ಕೆ ತಿರುಗಿ ತಣ್ಣಗೆ ಮಲಗಿದ್ದವು. 48 ಒಂದೇ ಕಪ್ಪಗೆ ಹೊಳೆಯುತ್ತಿತ್ತು.

"48," ಅಂದೆ. ಆ ಕಡೆ ಸದ್ದಿಲ್ಲ. "ಸೀಟು ಎತ್ತರಿಸಿಕೊಂಡರೆ ಆಗಲ್ವೇನೋ?"

"ಭಾವ, ನಿಮ್ಮ ಹಳೇದು ಎಷ್ಟು?"

"58."

"ನಿಮ್ಮ ಎತ್ತರ 5 ಅಡಿ 6 ಇಂಚು. 58 ಆರಡಿ ಮೇಲಿನವರದ್ದು."

ಅದು ನನಗೂ ಗೊತ್ತು, ತಡವಾಗಿ ಗೊತ್ತಾಯಿತು. ಸಿಗ್ನಲ್‌ನಲ್ಲಿ ನಿಲ್ಲಿಸಿ ಕಾಲು ಕೆಳಗಿಟ್ಟಾಗಲೆಲ್ಲ ಆ ಬಾರ್ ನನಗೆ ಅದನ್ನು ನೆನಪಿಸುತ್ತಿತ್ತು. ಯಾವ ಜಾಗದಲ್ಲಿ ನೆನಪಿಸುತ್ತಿತ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಎರಡೂ ಕಾಲು ಊರಿ ನಿಂತರೆ ಬಾರಿಗೂ ನಮಗೂ ನಡುವೆ ಎರಡು ಬೆರಳಾದರೂ ಜಾಗ ಇರಬೇಕಂತೆ. ನಮ್ಮಿಬ್ಬರ ನಡುವೆ ಜಾಗವೇ ಇರಲಿಲ್ಲ, ಬರೀ ವೈಮನಸ್ಯ.

"ಸೀಟು ಎತ್ತರಿಸಬಹುದು, ಸೀಟು ಹಿಂದೆ ಮುಂದೆ ಮಾಡಬಹುದು, ಹ್ಯಾಂಡಲ್ ಹಿಡಿಯೋ ಸ್ಟೆಮ್ ಬದಲಾಯಿಸಬಹುದು," ಅಂದ. "ಫ್ರೇಮ್ ಉದ್ದ ಮಾಡೋಕೆ ಆಗಲ್ಲ. ಎಲ್ಲರಿಗೂ ಆಗೋ ಸೈಜ್ ಮೊದಲೇ ಖಾಲಿಯಾಗುತ್ತೆ. ಯಾರಿಗೂ ಆಗದ್ದಕ್ಕೆ 40 ಪರ್ಸೆಂಟ್ ಬರುತ್ತೆ. ಬಿಡಿ, ಮಲಗಿ."

ಫೋನ್ ಇಡುವವನಿದ್ದೆ. ಅಷ್ಟರಲ್ಲಿ ಹೆಂಡತಿ ಫೋನಿನ ಹತ್ತಿರ ಬಾಗಿದಳು.

"48 ಅಂದ್ರೆ ಎಷ್ಟು ಎತ್ತರದವರಿಗೆ ಕಣೋ?"

"5 ಅಡಿಯಿಂದ 5 ಅಡಿ 3 ಇಂಚು ಅಕ್ಕ, ಹೆಚ್ಚು ಕಡಿಮೆ."

ಅವಳು 5 ಅಡಿ 1 ಇಂಚು. ನನ್ನ ಫೋನು, ನನ್ನ ಕಾರ್ಡು, ನನ್ನ ಬೆರಳು. ಗಡಿಯಾರದಲ್ಲಿ ಇನ್ನೂ 1 ಗಂಟೆ 22 ನಿಮಿಷ ಇರುವಾಗಲೇ ಕೆಲಸ ಮುಗಿಯಿತು. (ಮಾರನೇ ದಿನ ಕುತೂಹಲಕ್ಕೆ ಮತ್ತೆ ತೆರೆದು ನೋಡಿದೆ. ಗಡಿಯಾರ ಪುನಃ 3 ಗಂಟೆ 12 ನಿಮಿಷದಿಂದ ಓಡುತ್ತಿತ್ತು.)

ಡಬ್ಬ ಬಂದ ದಿನ ನಾನು ಅನುಭವಸ್ಥನ ಗತ್ತಿನಲ್ಲಿ ಸ್ಪ್ಯಾನರ್ ಹಿಡಿದು ಬಂದೆ. ಅವಳು ಆಗಲೇ ಕೆಳಗೆ ಕೂತು ಎಡಗಡೆ ಪೆಡಲ್ ತಿರುಗಿಸುತ್ತಿದ್ದಳು.

"ನೋಡು, ಅದು..."

"ಉಲ್ಟಾ. ಗೊತ್ತು. ನಿಮ್ಮ ಮೊಣಕಾಲಿಗೆ ಬ್ಯಾಂಡೇಜ್ ಕಟ್ಟಿದ್ದು ಯಾರು?"

ಬ್ರೇಕ್ ಮುಂದುಗಡೆ ಇತ್ತು. ಪಂಪೂ ಸರಿಯಾದದ್ದೇ ತರಿಸಿದ್ದಳು. ಹೋದವಳು ಒಂದು ಗಂಟೆ ಬಿಟ್ಟು ಬಂದಳು, ಮುಖ ಕೆಂಪಗಾಗಿತ್ತು, 15 ಕಿಲೋಮೀಟರ್ ಆಯಿತಂತೆ. ಬೆವರಿದ ಅಂಗಿ ಒಗೆದು, ಹಿಂಡಿ, ಕೊಡವಿ, ನನ್ನ ಸೈಕಲ್ಲಿನ ಬಲಗಡೆ ಕೊಂಬಿಗೆ ಹಾಕಿದಳು.

"ರೀ, ಇದನ್ನ ಸ್ವಲ್ಪ ಬಿಸಿಲಿಗೆ ತಳ್ಳಿ."

ತಳ್ಳಿದೆ.